ತಂತಿಯ ಕೇಕ್ ಲೆವೆಲರ್: ಸೀಳುವ ಮೊದಲು ಕೇಕಿಗೆ ಬೇಕಾದ ಹದ

ಕೇಕನ್ನು ಅಡ್ಡಲಾಗಿ ಸೀಳಿ ಸಮನಾದ ಪದರಗಳನ್ನಾಗಿ ಮಾಡಲು ಬಳಸುವ ತಂತಿಯ ಲೆವೆಲರ್ ಈಗ ಬೇಕರಿ ಸಾಮಾನಿನ ಅಂಗಡಿಗಳಲ್ಲಿ ಸುಲಭವಾಗಿ ಸಿಗುತ್ತದೆ. ಬಿಲ್ಲಿನಾಕಾರದ ಲೋಹದ ಹಿಡಿ, ಅದರ ಎರಡು ಕಾಲುಗಳ ನಡುವೆ ಬಿಗಿದ ತೆಳುವಾದ ಉಕ್ಕಿನ ತಂತಿ, ತಂತಿಯ ಎತ್ತರವನ್ನು ಬದಲಿಸಲು ಕಾಲುಗಳುದ್ದಕ್ಕೂ ಕೊರೆದ ಕಚ್ಚುಗಳು, ಮೇಜಿನ ಮೇಲೆ ನಿಲ್ಲಲು ಎರಡು ಪಾದಗಳು: ಇಷ್ಟೇ ಅದರ ರಚನೆ. ಇದೇ ವಿನ್ಯಾಸವನ್ನು ಹಲವು ಕಂಪನಿಗಳು ಬೇರೆ ಬೇರೆ ಹೆಸರಿನಲ್ಲಿ ಮಾರುವುದರಿಂದ ಇಲ್ಲಿ ಯಾವ ಹೆಸರನ್ನೂ ಎತ್ತದೆ ವಿನ್ಯಾಸವನ್ನೇ ವಿಮರ್ಶೆಗೆ ತೆಗೆದುಕೊಂಡಿದ್ದೇನೆ. ಮನೆಯ ಅಡುಗೆಮನೆಯಲ್ಲಿ ಬಹುಕಾಲ ಬಳಸಿದ ಮೇಲೆ ನಾನು ತಲುಪಿರುವ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಇದು ಕೊಟ್ಟ ಹಣಕ್ಕೆ ಮೋಸವಿಲ್ಲದ ಸಾಧನ. ಆದರೆ ಕೆಲಸದ ಮುಕ್ಕಾಲು ಭಾಗ ತಂತಿ ಕೇಕನ್ನು ಮುಟ್ಟುವ ಮೊದಲೇ ಮುಗಿದಿರಬೇಕು. ಡಬ್ಬಿಯೊಂದಿಗೆ ಬರುವ ಸೂಚನೆಗಳಲ್ಲಿ ಈ ಮಾತು ಸಾಮಾನ್ಯವಾಗಿ ಇರುವುದಿಲ್ಲ. ಕೇಕೆಲ್ಲ ಪುಡಿಯಾಯಿತು, ಪದರ ಹರಿದುಹೋಯಿತು ಎಂದು ಸಾಧನವನ್ನು ದೂರುವ ಹೆಚ್ಚಿನ ಸಂದರ್ಭಗಳಲ್ಲಿ ಕಾರಣ ಕೇಕಿನ ಹದದಲ್ಲಿರುತ್ತದೆ. ಆದ್ದರಿಂದ ಸಾಧನದ ಗುಣದೋಷಗಳಷ್ಟೇ ವಿವರವಾಗಿ ಕೇಕನ್ನು ಸೀಳಲು ಸಿದ್ಧಪಡಿಸುವ ಬಗೆಯನ್ನೂ ಬರೆಯುವುದು ಅಗತ್ಯವೆಂದು ನನಗೆ ತೋರುತ್ತದೆ.

ಪದರಗಳು ಸಮತಟ್ಟಾಗಿರಬೇಕೆಂಬುದು ಕೇವಲ ಅಂದದ ಮಾತಲ್ಲ. ಬ್ಲ್ಯಾಕ್ ಫಾರೆಸ್ಟ್ ಇರಲಿ, ಪೈನಾಪಲ್ ಕೇಕ್ ಇರಲಿ, ಮೂರು ಪದರಗಳ ನಡುವೆ ಎರಡು ಸಲ ಕ್ರೀಮ್ ಹರಡಬೇಕಾಗುತ್ತದೆ. ಕೆಳಗಿನ ಪದರ ನಡುವೆ ಉಬ್ಬಿದ್ದರೆ ಕ್ರೀಮ್ ಅಂಚಿಗೆ ಸರಿಯುತ್ತದೆ, ಮೇಲಿನ ಪದರ ಬಾಗುತ್ತದೆ ಅಥವಾ ನಡುವೆ ಬಿರುಕು ಬಿಡುತ್ತದೆ. ಮೇಜಿನ ಮೇಲಿದ್ದಾಗ ನೆಟ್ಟಗೆ ಕಂಡ ಕೇಕು ಬೆಂಗಳೂರಿನ ಉಬ್ಬುತಗ್ಗಿನ ರಸ್ತೆಯಲ್ಲಿ ಆಟೋದಲ್ಲೋ ಸ್ಕೂಟರಿನಲ್ಲೋ ಗ್ರಾಹಕರ ಮನೆ ಸೇರುವಷ್ಟರಲ್ಲಿ ಒಂದು ಬದಿಗೆ ವಾಲಿರುತ್ತದೆ. ಮನೆಯಿಂದಲೇ ಕೇಕ್ ಮಾಡಿ ಮಾರುವವರಿಗೆ ಇದು ನೇರ ನಷ್ಟ.

ಉಬ್ಬು ಬರುವ ಕಾರಣವನ್ನು ತಿಳಿದರೆ ಅರ್ಧ ಕೆಲಸ ಹಗುರಾಗುತ್ತದೆ. ಲೋಹದ ಟಿನ್ನಿನ ಗೋಡೆ ಬೇಗ ಕಾಯುವುದರಿಂದ ಅದಕ್ಕೆ ತಾಗಿದ ಹಿಟ್ಟು ಮೊದಲು ಬೆಂದು ಗಟ್ಟಿಯಾಗುತ್ತದೆ. ನಡುವಿನ ಹಿಟ್ಟು ಇನ್ನೂ ದ್ರವವಾಗಿಯೇ ಇದ್ದು ಉಬ್ಬುತ್ತಲೇ ಹೋಗುತ್ತದೆ. ಕಪ್ಪು ಲೇಪನದ ಟಿನ್ ಶಾಖವನ್ನು ಹೆಚ್ಚು ಹೀರುವುದರಿಂದ ಅದರಲ್ಲಿ ಉಬ್ಬು ಇನ್ನಷ್ಟು ಎದ್ದು ಕಾಣುತ್ತದೆ. ನಮ್ಮ ಮನೆಗಳಲ್ಲಿ ಹೆಚ್ಚಾಗಿರುವುದು ಚಿಕ್ಕ ಓಟಿಜಿ, ಅಂದರೆ ಓವನ್, ಟೋಸ್ಟರ್, ಗ್ರಿಲ್ ಮೂರೂ ಸೇರಿದ ವಿದ್ಯುತ್ ಒಲೆ. ಅದರ ಕಾಯುವ ಸರಳುಗಳು ಟಿನ್ನಿಗೆ ಹತ್ತಿರದಲ್ಲೇ ಇರುತ್ತವೆ. ಹಾಗಾಗಿ ಪಾಕವಿಧಾನದಲ್ಲಿ 180 ಡಿಗ್ರಿ ಸೆಲ್ಸಿಯಸ್ ಎಂದಿದ್ದರೂ 160ರ ಆಸುಪಾಸಿನಲ್ಲಿ ಹೆಚ್ಚು ಹೊತ್ತು ಬೇಯಿಸುವುದು ಲೇಸು. ಟಿನ್ನಿನ ಸುತ್ತ ಒದ್ದೆ ಮಾಡಿ ಹಿಂಡಿದ ಹತ್ತಿಬಟ್ಟೆಯ ಪಟ್ಟಿಯನ್ನು ಅಲ್ಯೂಮಿನಿಯಂ ಹಾಳೆಯಲ್ಲಿ ಸುತ್ತಿ ಕಟ್ಟುವ ಉಪಾಯ ತುಂಬ ಫಲಕಾರಿ. ಬಟ್ಟೆಯ ತೇವ ಆವಿಯಾಗುವವರೆಗೆ ಗೋಡೆಯ ಶಾಖ ಹತೋಟಿಯಲ್ಲಿರುತ್ತದೆ. ಅಂಚು ಮತ್ತು ನಡು ಹೆಚ್ಚುಕಡಿಮೆ ಜೊತೆಯಾಗಿ ಏಳುತ್ತವೆ. ಪಟ್ಟಿ ಸರಳುಗಳಿಗೆ ತಾಗದಂತೆ ಎಚ್ಚರ ವಹಿಸಬೇಕು. ಇದಕ್ಕೆಂದೇ ತಯಾರಾದ ಪಟ್ಟಿಗಳೂ ಮಾರಾಟಕ್ಕಿವೆ, ಆದರೆ ಹಳೆಯ ಟವೆಲಿನ ತುಂಡು ಮಾಡದ ಕೆಲಸವನ್ನು ಅವು ಮಾಡಿದ್ದನ್ನು ನಾನು ಕಂಡಿಲ್ಲ.

ಹಿಟ್ಟನ್ನು ಅತಿಯಾಗಿ ಕಲಸಿದರೆ ಮೈದಾದ ಅಂಟು ಬಲಿತು ಕೇಕಿನೊಳಗೆ ಉದ್ದುದ್ದ ಸುರಂಗಗಳಂಥ ರಂಧ್ರಗಳು ಮೂಡುತ್ತವೆ. ಸೀಳುವಾಗ ತಂತಿಯೋ ಚಾಕುವೋ ಆ ರಂಧ್ರಕ್ಕೆ ಸಿಕ್ಕಿ ದಾರಿ ತಪ್ಪುತ್ತದೆ. ಟಿನ್ನನ್ನು ಮೂರರಲ್ಲಿ ಎರಡು ಭಾಗಕ್ಕಿಂತ ಹೆಚ್ಚು ತುಂಬಬಾರದು. ತಳಕ್ಕೆ ಬಟರ್ ಪೇಪರ್ ಹಾಕುವುದನ್ನು ಬಿಡಲೇಬಾರದು, ಏಕೆಂದರೆ ತಳ ಹರಿದ ಕೇಕು ಲೆವೆಲರಿನ ಮುಂದೆ ನೆಟ್ಟಗೆ ಕೂರುವುದಿಲ್ಲ.

ಇನ್ನು ತಣಿಸುವ ಹಂತ. ನನ್ನ ದೃಷ್ಟಿಯಲ್ಲಿ ಇಡೀ ಕೆಲಸದ ತಿರುಳು ಇದೇ. ಒಲೆಯಿಂದ ಹೊರಬಂದ ಕೇಕನ್ನು 10ರಿಂದ 15 ನಿಮಿಷ ಟಿನ್ನಿನಲ್ಲೇ ಬಿಟ್ಟು, ಆಮೇಲೆ ತಂತಿಜಾಲರಿಯ ಮೇಲೆ ಮಗುಚಿ, ಒಳಗಿನ ಬಿಸಿಯೂ ಆರುವವರೆಗೆ ಕಾಯಬೇಕು. ಹೊರಮೈ ತಣ್ಣಗಾದರೂ ನಡುಭಾಗ ಬೆಚ್ಚಗೇ ಇರುವುದುಂಟು. ತಳದ ನಡುವಿಗೆ ಅಂಗೈ ಇಟ್ಟು ನೋಡಿದರೆ ಅದು ಗೊತ್ತಾಗುತ್ತದೆ. ಆ ಬಿಸಿ ಇರುವಾಗಲೇ ಕ್ಲಿಂಗ್ ಫಿಲ್ಮ್ ಸುತ್ತಿದರೆ ಆವಿ ಒಳಗೇ ನೀರಾಗಿ ಮೇಲ್ಪದರವನ್ನು ಅಂಟಂಟಾಗಿಸುತ್ತದೆ, ಮತ್ತು ಫಿಲ್ಮ್ ತೆಗೆಯುವಾಗ ಕೇಕಿನ ಸಿಪ್ಪೆ ಅದರೊಂದಿಗೆ ಎದ್ದುಬರುತ್ತದೆ. ಹಾಗೆಂದು ಬೇಗ ಆರಲೆಂದು ಫ್ಯಾನಿನ ಕೆಳಗಿಟ್ಟರೆ ಮೇಲ್ಮೈ ಒಣಗಿ ಗಡುಸಾಗುತ್ತದೆ, ತಂತಿ ಅದನ್ನು ಕಚ್ಚದೆ ಜಾರುತ್ತದೆ. ಮಂಗಳೂರು, ಉಡುಪಿಯ ಕಡೆಯ ತೇವದ ಹವೆಯಲ್ಲಿ ಈ ಎರಡರ ನಡುವಿನ ಹದವನ್ನು ಹಿಡಿಯುವುದು ಒಳನಾಡಿಗಿಂತ ಕಷ್ಟ. ಅಲ್ಲಿ ಸಕ್ಕರೆ ಹೆಚ್ಚಿರುವ ಕೇಕಿನ ಮೇಲ್ಮೈ ತೆರೆದಿಟ್ಟರೂ ತೇವ ಎಳೆದುಕೊಂಡು ಅಂಟಾಗುತ್ತದೆ.

ಪೂರ್ಣವಾಗಿ ಆರಿದ ಕೇಕನ್ನು ಗಾಳಿಯಾಡದಂತೆ ಸುತ್ತಿ ಫ್ರಿಜ್ಜಿನಲ್ಲಿ ಕೆಲವು ಗಂಟೆ, ಸಾಧ್ಯವಾದರೆ ಒಂದು ರಾತ್ರಿ ಇಡಬೇಕು. ಬೆಣ್ಣೆಯ ಕೇಕಾದರೆ ಒಳಗಿನ ಬೆಣ್ಣೆ ಗಟ್ಟಿಯಾಗುತ್ತದೆ, ಮೈದಾದ ಪಿಷ್ಟವೂ ಬಿಗಿಯಾಗುತ್ತದೆ. ಎರಡೂ ಸೇರಿ ಕೇಕಿನ ಒಡಲಿಗೆ ತಂತಿಯ ಎಳೆತವನ್ನು ತಾಳುವ ಗಟ್ಟಿತನ ಬರುತ್ತದೆ. ಸೂರ್ಯಕಾಂತಿ ಎಣ್ಣೆ ಹಾಕಿದ ಕೇಕಿನಲ್ಲಿ ಬೆಣ್ಣೆಯ ಈ ನೆರವು ಸಿಗುವುದಿಲ್ಲ, ಏಕೆಂದರೆ ಆ ಎಣ್ಣೆ ಫ್ರಿಜ್ಜಿನ ತಂಪಿನಲ್ಲೂ ದ್ರವವಾಗಿಯೇ ಉಳಿಯುತ್ತದೆ. ಅಂಥ ಕೇಕನ್ನು ಸೀಳುವ ಮೊದಲು ಅರ್ಧ ಗಂಟೆ ಫ್ರೀಜರಿನಲ್ಲಿ ಇಟ್ಟರೆ ಮಾತ್ರ ಅಂಚು ಚೊಕ್ಕವಾಗಿ ಬರುತ್ತದೆ. ಮೊಟ್ಟೆ ಮತ್ತು ಸಕ್ಕರೆಯನ್ನು ನೊರೆ ಬರುವಂತೆ ಬಡಿದು ಮಾಡಿದ ಕೊಬ್ಬಿಲ್ಲದ ಸ್ಪಂಜು ಮೂರನೆಯ ಬಗೆ: ಅದು ಒಡೆಯುವುದಿಲ್ಲ, ಆದರೆ ತಂತಿಯ ಒತ್ತಡಕ್ಕೆ ಕುಗ್ಗಿ ಮತ್ತೆ ಹಿಗ್ಗುವುದರಿಂದ ಸೀಳು ಅಲೆಅಲೆಯಾಗಿ ಮೂಡುತ್ತದೆ. ಅದರ ಮೇಲಿನ ಕಾಗದದಂಥ ಕಂದು ಸಿಪ್ಪೆಯನ್ನು ಬೆರಳಿನಿಂದ ಉಜ್ಜಿ ತೆಗೆದು, ತಂತಿಯನ್ನು ಬಹಳ ನಿಧಾನವಾಗಿ ಆಡಿಸಬೇಕು. ಕೇಕು ಯಾವ ಬಗೆಯದಾದರೂ ಫ್ರಿಜ್ಜಿನಲ್ಲಿ ಒಂದು ದಿನಕ್ಕಿಂತ ಹೆಚ್ಚು ಇಡುವುದನ್ನು ನಾನು ಒಪ್ಪುವುದಿಲ್ಲ. ಬಿಗಿಯಾದ ಪಿಷ್ಟವೇ ಮುಂದೆ ಹಳಸಲು ಒಣಗಲಿಗೆ ದಾರಿಯಾಗುತ್ತದೆ.

ಹೀಗೆ ಸಿದ್ಧವಾದ ಕೇಕಿನ ಮುಂದೆ ಲೆವೆಲರ್ ಹೇಗೆ ನಡೆದುಕೊಳ್ಳುತ್ತದೆ ಎಂಬುದನ್ನು ನೋಡೋಣ. ಎರಡೂ ಪಾದಗಳನ್ನು ಮೇಜಿಗೆ ಊರಿ, ತಂತಿಯನ್ನು ಕೇಕಿನ ಅಂಚಿಗೆ ತಾಗಿಸಿ, ಎಡಕ್ಕೂ ಬಲಕ್ಕೂ ಸಣ್ಣದಾಗಿ ಗರಗಸದ ಹಾಗೆ ಆಡಿಸಿದರೆ ಮೊದಲು ಹೊರಸಿಪ್ಪೆ ಸಣ್ಣಗೆ ಕರಕರ ಎನ್ನುತ್ತ ಬಿಡುತ್ತದೆ. ಸಿಪ್ಪೆ ದಾಟಿದ ಕೂಡಲೇ ಕೈಗೆ ತಡೆ ಕಡಿಮೆಯಾದದ್ದು ತಿಳಿಯುತ್ತದೆ, ತಂತಿ ಸದ್ದಿಲ್ಲದೆ ಒಳಗೆ ಸಾಗುತ್ತದೆ. ಈ ಘಟ್ಟದಲ್ಲಿ ಅವಸರಪಟ್ಟು ನೇರವಾಗಿ ಎಳೆದರೆ ತಂತಿ ನಡುವೆ ಹಿಂದಕ್ಕೆ ಬಾಗಿ ಮೇಲಕ್ಕೇರುತ್ತದೆ. ಹೊರಬೀಳುವ ಬದಿಯಲ್ಲಿ ಸಿಪ್ಪೆ ಹೊರಕ್ಕೆ ಉಬ್ಬಿ ಕೀಳುವ ಸಾಧ್ಯತೆ ಇರುವುದರಿಂದ, ಇನ್ನೊಂದು ಅಂಗುಲ ಉಳಿದಿದೆ ಎನ್ನುವಾಗ ಆ ಬದಿಗೆ ಒಂದು ಕೈಯನ್ನು ಹಗುರವಾಗಿ ಆನಿಸಿ ಹಿಡಿಯಬೇಕು. ಬೆರಳುಗಳು ತಂತಿಯ ಮಟ್ಟಕ್ಕಿಂತ ಮೇಲಿರಬೇಕು. ತಣ್ಣಗಿನ ಬೆಣ್ಣೆ ಕೇಕಿನಲ್ಲಿ ಸೀಳಿದ ಮೈಯನ್ನು ಎತ್ತಿ ನೋಡಿದರೆ ಸಣ್ಣ ರಂಧ್ರಗಳು ಮುಚ್ಚಿಹೋಗದೆ ಹಾಗೆಯೇ ತೆರೆದಿರುತ್ತವೆ. ಅದು ಮುಖ್ಯ, ಏಕೆಂದರೆ ಆಮೇಲೆ ಹಾಕುವ ಸಕ್ಕರೆ ಪಾಕ ಒಳಗಿಳಿಯುವುದು ಆ ರಂಧ್ರಗಳಿಂದಲೇ. ಮೊಂಡು ಚಾಕುವಿನಿಂದ ಕೊಯ್ದ ಮೈ ಒತ್ತಿಹೋಗಿ ಅಲ್ಲಲ್ಲಿ ಹಿಟ್ಟಿನ ಮುದ್ದೆಯಾಗಿರುತ್ತದೆ, ಪಾಕ ಅದರ ಮೇಲೆ ನಿಂತುಬಿಡುತ್ತದೆ.

ಸೀಳುವುದು ಮೇಲಿನಿಂದ ಕೆಳಕ್ಕೆ ಸಾಗಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಮೊದಲು ಉಬ್ಬನ್ನು ತೆಗೆದು, ಬಳಿಕ ತಂತಿಯನ್ನು ಇಳಿಸಿ ಮೇಲಿನ ಪದರವನ್ನು ಬೇರ್ಪಡಿಸಿ ಪಕ್ಕಕ್ಕಿಟ್ಟು, ಕೊನೆಗೆ ಉಳಿದದ್ದನ್ನು ಸೀಳಿದರೆ ಪ್ರತಿ ಸಲವೂ ತಂತಿಯ ಮೇಲಿನ ಭಾರ ಕಡಿಮೆಯಿರುತ್ತದೆ. ಇದಕ್ಕೂ ಮುನ್ನ ಕೇಕಿನ ಪಕ್ಕದಲ್ಲಿ ಮೇಲಿನಿಂದ ಕೆಳಗಿನವರೆಗೆ ಚಾಕುವಿನ ತುದಿಯಿಂದ ಒಂದು ಸಣ್ಣ ಗೀರು ಹಾಕಿಕೊಳ್ಳಬೇಕು. ಪದರಗಳನ್ನು ಮರಳಿ ಜೋಡಿಸುವಾಗ ಗೀರುಗಳು ಒಂದೇ ಸಾಲಿಗೆ ಬಂದರೆ, ಸೀಳಿನಲ್ಲಿ ಕೂದಲೆಳೆಯಷ್ಟು ಓರೆ ಇದ್ದರೂ ಅದು ತಾನಾಗಿಯೇ ಸರಿಹೋಗುತ್ತದೆ.

ಸಾಧನದ ಮಿತಿಗಳೂ ಸ್ಪಷ್ಟವಾಗಿವೆ. ತಂತಿಯ ಎತ್ತರ ಲೆಕ್ಕವಾಗುವುದು ಪಾದಗಳು ನಿಂತ ಮೇಜಿನಿಂದ. ಕೇಕು ದಪ್ಪ ಬೋರ್ಡಿನ ಮೇಲಿದ್ದರೆ ಆ ಬೋರ್ಡಿನ ದಪ್ಪವನ್ನೂ ಲೆಕ್ಕಕ್ಕೆ ಹಿಡಿಯಬೇಕಾಗುತ್ತದೆ, ಇಲ್ಲವಾದರೆ ಕೆಳಪದರ ತೆಳ್ಳಗೂ ಮೇಲ್ಪದರ ದಪ್ಪವಾಗಿಯೂ ಬರುತ್ತದೆ. ಎರಡು ಕಾಲುಗಳು ಕೇಕಿನ ಹೊರಗೆ ಮೇಜಿನ ಮೇಲೆ ನಿಲ್ಲಬೇಕಾದ ಕಾರಣ ಟರ್ನ್‌ಟೇಬಲ್, ಅಂದರೆ ಕೇಕನ್ನಿಟ್ಟು ತಿರುಗಿಸುವ ಪೀಠದ ಮೇಲೆ ಇದನ್ನು ಬಳಸಲಾಗದು. ಕಲ್ಲಿನ ಕಟ್ಟೆ ಓರೆಯಿದ್ದರೆ ತೊಂದರೆಯಿಲ್ಲ, ಆದರೆ ಉಬ್ಬುತಗ್ಗಿದ್ದರೆ ಸೀಳಿನಲ್ಲಿ ಅದು ಹಾಗೆಯೇ ಮೂಡುತ್ತದೆ. ಚಿಕ್ಕ ಮಾದರಿ ಸಾಮಾನ್ಯವಾಗಿ 10 ಅಂಗುಲ ಅಗಲ ಮತ್ತು 2 ಅಂಗುಲ ಎತ್ತರದವರೆಗಿನ ಕೇಕಿಗೆ ಸಾಕು. ಈಚೆಗೆ ಎಲ್ಲರೂ ಬಯಸುವ ಎತ್ತರದ ಕೇಕುಗಳಿಗೆಂದು ಒಂದೇ ಆಳವಾದ ಟಿನ್ನಿನಲ್ಲಿ ಬೇಯಿಸಿದರೆ ಸೀಳುವ ಮೊದಲೇ ಹಿಡಿ ಕೇಕಿನ ತಲೆಗೆ ತಾಗಿ ನಿಲ್ಲುತ್ತದೆ. ಹಿಟ್ಟನ್ನು ಎರಡು ಟಿನ್ನುಗಳಿಗೆ ಹಂಚಿ ಬೇಯಿಸುವುದು ಇದಕ್ಕೆ ಪರಿಹಾರ, ಮತ್ತು ಕೇಕು ಸಮನಾಗಿ ಬೇಯುವ ದೃಷ್ಟಿಯಿಂದಲೂ ಅದೇ ಒಳ್ಳೆಯದು.

ಟೂಟಿ ಫ್ರೂಟಿ ಹಾಕಿದ ಕೇಕಿನಲ್ಲಿ ತಂತಿ ಪೂರ್ತಿ ಸೋಲುತ್ತದೆ. ನಮ್ಮ ಅಯ್ಯಂಗಾರ್ ಬೇಕರಿಗಳ ಕೇಕಿನ ರುಚಿಗೆ ಒಗ್ಗಿದವರು ಆ ಕೆಂಪು, ಹಸಿರು ತುಣುಕುಗಳನ್ನು ಬಿಡಲು ಇಷ್ಟಪಡುವುದಿಲ್ಲ, ಆದರೆ ತೆಳುತಂತಿಗೆ ಅವುಗಳನ್ನು ಕತ್ತರಿಸುವ ಶಕ್ತಿ ಇಲ್ಲ. ತುಣುಕು ತಂತಿಗೆ ಸಿಕ್ಕಿ ಮುಂದಕ್ಕೆ ಉರುಳುತ್ತದೆ, ಅದು ಉರುಳಿದ ದಾರಿಯಲ್ಲಿ ಕೇಕಿನ ಮೈಯಲ್ಲಿ ಒಂದು ಕಾಲುವೆ ಬೀಳುತ್ತದೆ. ಗೋಡಂಬಿ, ಚಾಕೊಲೇಟ್ ಚಿಪ್ಸ್‌ಗಳಿಗೂ ಇದೇ ಮಾತು. ಹಣ್ಣು, ಬೀಜಗಳಿರುವ ಕೇಕಿಗೆ ಉದ್ದನೆಯ ಗರಗಸದ ಹಲ್ಲಿನ ಚಾಕುವೇ ಸರಿ.

ಎಗ್‌ಲೆಸ್ ಕೇಕಿನ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕು, ಏಕೆಂದರೆ ಕರ್ನಾಟಕದಲ್ಲಿ ಮನೆಯಿಂದ ಕೇಕ್ ಮಾರುವವರಿಗೆ ಎಗ್‌ಲೆಸ್ ಬೇಡಿಕೆ ಬಹಳ. ಮೊಟ್ಟೆಯ ಪ್ರೋಟೀನು ಶಾಖಕ್ಕೆ ಗಟ್ಟಿಯಾಗಿ ಕೇಕಿನ ಒಡಲನ್ನು ಹಿಡಿದಿಡುತ್ತದೆ. ಅದಿಲ್ಲದಾಗ ಆ ಹೊಣೆಯನ್ನು ಮೈದಾ ಒಂದೇ ಹೊರಬೇಕಾಗುತ್ತದೆ. ಮೊಸರು ಮತ್ತು ಅಡುಗೆ ಸೋಡಾದಿಂದ ಉಬ್ಬಿಸಿ, ಎಣ್ಣೆ ಹಾಕಿ ಮಾಡಿದ ಎಗ್‌ಲೆಸ್ ಸ್ಪಂಜು ತಿನ್ನಲು ಬಹಳ ಮೃದು, ಸೀಳಲು ಅಷ್ಟೇ ಕಷ್ಟ: ಮಾಡಿದ ದಿನವೇ ತಂತಿ ಹಾಯಿಸಿದರೆ ಪದರದ ಅಂಚುಗಳು ಕಳಚಿ ಬೀಳುತ್ತವೆ. ಕಂಡೆನ್ಸ್ಡ್ ಮಿಲ್ಕ್ ಮತ್ತು ಬೆಣ್ಣೆ ಹಾಕಿದ ಎಗ್‌ಲೆಸ್ ಕೇಕು ಅದಕ್ಕಿಂತ ಬಿಗಿಯಾಗಿರುವುದರಿಂದ ಒಂದು ರಾತ್ರಿಯ ತಂಪಿನ ಬಳಿಕ ಲೆವೆಲರಿಗೆ ಚೆನ್ನಾಗಿ ಒಗ್ಗುತ್ತದೆ. ಮೂರು ಪದರದ ಕೇಕನ್ನು ಎಗ್‌ಲೆಸ್ ಆಗಿಯೇ ಮಾಡಬೇಕಾದಾಗ ನಾನು ಎರಡನೆಯದನ್ನೇ ಆರಿಸುತ್ತೇನೆ, ಮತ್ತು ಪದರಗಳನ್ನು ಒಂದೂವರೆ ಸೆಂಟಿಮೀಟರಿಗಿಂತ ತೆಳ್ಳಗೆ ಮಾಡಲು ಹೋಗುವುದಿಲ್ಲ. ಮೊಸರಿನ ಸ್ಪಂಜೇ ಬೇಕೆಂದಾದರೆ ಅದನ್ನು ಸೀಳುವ ಯೋಚನೆಯನ್ನೇ ಬಿಟ್ಟು ಮೂರು ತೆಳು ಕೇಕುಗಳನ್ನು ಬೇರೆ ಬೇರೆಯಾಗಿ ಬೇಯಿಸುವುದು ಉತ್ತಮ. ಇದರಲ್ಲಿ ಕೀಳರಿಮೆ ಪಡಬೇಕಾದದ್ದೇನೂ ಇಲ್ಲ. 1885ರಲ್ಲಿ ಬುಡಾಪೆಸ್ಟಿನ ಪ್ರದರ್ಶನದಲ್ಲಿ ಯೋಜೆಫ್ ದೊಬೋಶ್ ಎಂಬ ಹಂಗೇರಿಯ ಮಿಠಾಯಿಗಾರ ಪರಿಚಯಿಸಿ ಹೆಸರುವಾಸಿಯಾದ ದೊಬೋಶ್ ಟೋರ್ಟೆ ಎಂಬ ಕೇಕಿನ ತೆಳುಪದರಗಳನ್ನು ಒಂದೊಂದಾಗಿಯೇ ಬೇಯಿಸುತ್ತಾರೆ. ಅಲ್ಲಿ ಸೀಳುವ ಮಾತೇ ಇಲ್ಲ.

ಬದಲಿ ಸಾಧನಗಳ ಪೈಕಿ ಚಾಕುವಿಗೆ ನನ್ನ ಗೌರವ ಎಂದಿಗೂ ಕಡಿಮೆಯಾಗಿಲ್ಲ. ಟರ್ನ್‌ಟೇಬಲ್ ಮೇಲೆ ಕೇಕನ್ನು ತಿರುಗಿಸುತ್ತ, ಮೊದಲು ಸುತ್ತಲೂ ಒಂದು ಅಂಗುಲದಷ್ಟು ಮಾತ್ರ ಗೆರೆ ಕೊಯ್ದು, ಬಳಿಕ ಅದೇ ಗೆರೆಯನ್ನು ಹಿಡಿದು ಒಳಗೆ ಸಾಗುವ ಕ್ರಮವನ್ನು ರೂಢಿಸಿಕೊಂಡವರಿಗೆ ಲೆವೆಲರಿನ ಅಗತ್ಯ ಬೀಳುವುದೇ ಇಲ್ಲ. ಚಾಕುವಿನ ಅಲಗು ಕೇಕಿನ ಅಗಲಕ್ಕಿಂತ ಉದ್ದವಿದ್ದರೆ ಅನುಕೂಲ. 8 ಅಂಗುಲದ ಕೇಕಿಗೆ 10 ಅಂಗುಲದ ಅಲಗು ಬೇಕು. ಮಟ್ಟ ಗುರುತಿಸಲು ಸುತ್ತ ಟೂತ್‌ಪಿಕ್ ಚುಚ್ಚಿಕೊಳ್ಳಬಹುದು. ಆದರೆ ಆ ಕೈಹದ ಬರಲು ಕಾಲ ಹಿಡಿಯುತ್ತದೆ, ಲೆವೆಲರ್ ಆ ಕಾಲವನ್ನು ಉಳಿಸುತ್ತದೆ. ದಾರದಿಂದ ಸೀಳುವ ಪದ್ಧತಿಯೂ ಕೆಟ್ಟದ್ದಲ್ಲ: ಕೇಕಿನ ಸುತ್ತ ಗೀರಿದ ಗೆರೆಯಲ್ಲಿ ಗಟ್ಟಿ ದಾರವನ್ನು ಕೂರಿಸಿ, ತುದಿಗಳನ್ನು ಅಡ್ಡಹಾಯಿಸಿ ಎಳೆದರೆ ಮೃದು ಸ್ಪಂಜು ಚೆನ್ನಾಗಿ ಸೀಳುತ್ತದೆ. ಪಕ್ಕದಲ್ಲಿ ಸೀಳುಗಂಡಿಗಳಿರುವ ಸ್ಟೀಲ್ ಉಂಗುರ ಮಾತ್ರ ನನಗೆ ಹಿಡಿಸಿಲ್ಲ. ಅದರ ಗಂಡಿಗಳ ನಡುವಿನ ಅಂತರ ಮೊದಲೇ ನಿಗದಿಯಾಗಿರುತ್ತದೆ, ನಮ್ಮ ಕೇಕಿನ ಎತ್ತರಕ್ಕೆ ಅದು ಹೊಂದುವುದು ಅಪರೂಪ.

ಸೀಳಿದ ಪದರವನ್ನು ಬರಿಗೈಯಲ್ಲಿ ಎತ್ತಬಾರದು. ತೆಳುವಾದ ಕೇಕ್ ಬೋರ್ಡನ್ನು ಸೀಳಿನೊಳಗೆ ತೂರಿಸಿ, ಪದರವನ್ನು ಅದರ ಮೇಲೆ ಹೊತ್ತು ಪಕ್ಕಕ್ಕಿಡಬೇಕು. ಮೆತ್ತನೆಯ ಬ್ರಷ್ಷಿನಿಂದ ಪುಡಿಯನ್ನು ಗುಡಿಸಿ, ಸಮಪ್ರಮಾಣದ ಸಕ್ಕರೆ ಮತ್ತು ನೀರನ್ನು ಕುದಿಸಿ ಆರಿಸಿದ ಪಾಕವನ್ನು 8 ಅಂಗುಲದ ಪದರಕ್ಕೆ ಮೂರು ನಾಲ್ಕು ದೊಡ್ಡ ಚಮಚದಷ್ಟು ಹಚ್ಚಿದರೆ ಫ್ರಿಜ್ಜಿನ ಬಿಗುವು ಸಡಿಲಿ ಮೃದುತನ ಮರಳುತ್ತದೆ. ಜ್ಯಾಮಿನಂಥ ತೆಳುವಾದ ಪೂರಣವಿದ್ದರೆ ಅಂಚಿನಲ್ಲಿ ಗಟ್ಟಿ ಕ್ರೀಮಿನ ಒಂದು ಕಟ್ಟೆ ಕಟ್ಟಿಕೊಳ್ಳುವುದು ಲೇಸು. ತಳಪದರವನ್ನು ಮಗುಚಿ ಎಲ್ಲಕ್ಕಿಂತ ಮೇಲೆ ಇಟ್ಟರೆ ಬಟರ್ ಪೇಪರಿಗೆ ತಾಗಿದ್ದ ಚಪ್ಪಟೆ ಮೈ ಮೇಲಕ್ಕೆ ಬರುತ್ತದೆ, ಐಸಿಂಗಿನಲ್ಲಿ ಪುಡಿ ಬೆರೆಯುವುದಿಲ್ಲ. ಹಾಗೆ ಮಾಡುವಾಗ ಪಕ್ಕದ ಗೀರುಗಳು ತೋರಿಸುವ ಕ್ರಮ ತಪ್ಪುತ್ತದೆ ಎಂಬುದು ನಿಜ. ಸೀಳು ನೇರವಾಗಿ ಬಂದಿದೆ ಎಂಬ ಭರವಸೆ ಇದ್ದಾಗ ಮಾತ್ರ ಈ ಅದಲುಬದಲಿಗೆ ಕೈಹಾಕಬೇಕು.

ಕೊಳ್ಳುವವರು ಅಂಗಡಿಯಲ್ಲೇ ಪರೀಕ್ಷಿಸಬೇಕಾದದ್ದು ತಂತಿಯ ಬಿಗಿತ. ಕಚ್ಚಿನಲ್ಲಿ ಕೂರಿಸಿ ಬೆರಳಿನಿಂದ ಮೀಟಿದಾಗ ಅದು ಮಿಡಿಯಬೇಕು. ಜೋತುಬಿದ್ದರೆ ಆ ತುಂಡನ್ನು ಬಿಟ್ಟು ಬೇರೊಂದನ್ನು ಕೇಳಬೇಕು. ಎರಡು ಕಾಲಿನ ಕಚ್ಚುಗಳೂ ಒಂದೇ ಮಟ್ಟದಲ್ಲಿವೆಯೇ ಎಂದು ಸಮತಟ್ಟಾದ ಗಾಜಿನ ಮೇಲೆ ನಿಲ್ಲಿಸಿ ನೋಡಿದರೆ ತಿಳಿಯುತ್ತದೆ. ಬಳಸಿದ ಬಳಿಕ ತಂತಿಯನ್ನು ಬಿಸಿನೀರಿನಲ್ಲಿ ತೊಳೆದು ಕೂಡಲೇ ಒರೆಸಬೇಕು, ಕಚ್ಚುಗಳಲ್ಲಿ ಕುಳಿತ ಕೇಕಿನ ಪುಡಿಯನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತೆಗೆಯಬೇಕು, ಇಲ್ಲವಾದರೆ ಮುಂದಿನ ಸಲ ತಂತಿ ಒಂದು ಬದಿಗೆ ಎತ್ತರವಾಗಿ ಕೂರುತ್ತದೆ. ಅರ್ಧ ಕೆಜಿ, ಒಂದು ಕೆಜಿ ಕೇಕುಗಳನ್ನು ವಾರಕ್ಕೆ ಒಂದೆರಡು ಸಲ ಮಾಡುವವರಿಗೆ ಚಿಕ್ಕ ಮಾದರಿ ಧಾರಾಳವಾಗಿ ಸಾಕು, ಅದನ್ನು ನಾನು ಮನಃಪೂರ್ವಕವಾಗಿ ಶಿಫಾರಸು ಮಾಡುತ್ತೇನೆ. ದೊಡ್ಡ ಮಾದರಿಯ ತಂತಿ ಉದ್ದವಾದಷ್ಟೂ ನಡುವೆ ಬಾಗುವ ಕಾರಣ, 12 ಅಂಗುಲಕ್ಕಿಂತ ಅಗಲದ ಮದುವೆ ಕೇಕುಗಳನ್ನು ಒಪ್ಪಿಕೊಳ್ಳುವವರು ಅದಕ್ಕೆ ಹಣ ಹಾಕುವ ಬದಲು ಒಂದು ಒಳ್ಳೆಯ ಉದ್ದಲಗಿನ ಚಾಕುವನ್ನೂ ಭಾರವಾದ ಟರ್ನ್‌ಟೇಬಲನ್ನೂ ಕೊಂಡುಕೊಳ್ಳಲಿ.